ಮುಂಬಯಿಯ ಶರತ್ಕಾಲದ ಮನೆ ಬೇಕಿಂಗ್

ಮಳೆಗಾಲ ಮುಗಿಯುವ ಹೊತ್ತಿನಿಂದ ದೀಪಾವಳಿಯವರೆಗೆ ಮುಂಬಯಿಯ ಮನೆಗಳಲ್ಲಿ ಏಲಕ್ಕಿ, ಜಾಯಿಕಾಯಿ ಹಾಕಿ ತಯಾರಾಗುವ, ಎಣ್ಣೆಯಲ್ಲಿ ಕರಿಯದೆ ಶಾಖದಲ್ಲೇ ಬೇಯಿಸುವ ಸಿಹಿತಿನಿಸುಗಳ ಪರಂಪರೆ. ನಾನ್‌ಖಟಾಯಿ ಇದರ ಮುಖ್ಯ ತಿನಿಸು. ಕೊಂಕಣದ ಧೋಂಡಸ್, ಪಾರ್ಸಿಗಳ ಕುಮಾಸ್ ಕೂಡ ಇದೇ ಬಳಗದವು. ನಾನ್‌ಖಟಾಯಿಗೆ ಹಿಟ್ಟು ಕಲಸುತ್ತಿದ್ದದ್ದು ಮನೆಯಲ್ಲಿ, ಬೇಯಿಸುತ್ತಿದ್ದದ್ದು ಬೀದಿಯ ಪಾವ್ ಬೇಕರಿಯ ಭಟ್ಟಿಯಲ್ಲಿ. ಈ ಪರಂಪರೆಗೆ ಮುಂಬಯಿಯ ಗುರುತು ಬಿದ್ದಿರುವುದು ಈ ಕೆಲಸದ ಹಂಚಿಕೆಯಿಂದಲೇ.

ಹಾಗೆ ಹಂಚಿಕೊಳ್ಳಲು ಹವೆಯದೂ ಒಂದು ಕಾರಣ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಮುಂಬಯಿಯಿಂದ ಹಿಂದೆ ಸರಿಯುವುದು ಅಕ್ಟೋಬರ್ 8ರ ಸುಮಾರಿಗೆ. ಆಮೇಲೆ ಬರುವುದು ಚಳಿಯಲ್ಲ, ‘ಅಕ್ಟೋಬರ್ ಹೀಟ್’ ಎಂದು ಊರೆಲ್ಲ ಕರೆಯುವ ಸೆಕೆ. ಉಷ್ಣತೆ 35 ಡಿಗ್ರಿ ದಾಟುವುದೂ ಉಂಟು. ಯುರೋಪು, ಅಮೆರಿಕಗಳಲ್ಲಿ ಶರತ್ಕಾಲದ ಒಲೆ ಮನೆಯನ್ನು ಬೆಚ್ಚಗಿಡುತ್ತದೆ. ಆದರೆ ಮುಂಬಯಿಯಲ್ಲಿ ಚಾಳು ಎನ್ನುವ ವಠಾರದ ಹತ್ತು-ಹನ್ನೆರಡು ಅಡಿಯ ಖೋಲಿಯಲ್ಲಿ ಅಂಥ ಬೆಂಕಿಯನ್ನು ಗಂಟೆಗಟ್ಟಲೆ ಉರಿಸಲು ಜಾಗವೂ ಇರಲಿಲ್ಲ, ಸಹಿಸುವುದೂ ಕಷ್ಟವಾಗಿತ್ತು.

ಓವನ್ ಎಂಬ ಹೆಸರು ಅಡುಗೆಮನೆಗೆ ಬರುವ ಮೊದಲೇ ಮೇಲೆ-ಕೆಳಗೆ ಕೆಂಡ ಇಟ್ಟು ಬೇಯಿಸುವ ವಿದ್ಯೆ ಇಲ್ಲಿನವರಿಗೆ ಗೊತ್ತಿತ್ತು. ಮಳೆಗಾಲದ ಕೊನೆಗೆ ಬಲಿಯುವ ದಪ್ಪ ಸೌತೆಕಾಯಿಯನ್ನು ತುರಿದು, ಹುರಿದ ರವೆ, ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿಸಿ, ದಪ್ಪ ತಳದ ಪಾತ್ರೆಗೆ ಸುರಿದು, ಮುಚ್ಚಳದ ಮೇಲೂ ಕೆಂಡ ಹರಡಿದರೆ ಧೋಂಡಸ್. ಗೋವಾ ಮತ್ತು ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಇದರ ಸೋದರಿಗೆ ತವಸಳಿ ಎನ್ನುತ್ತಾರೆ. 1854ರಲ್ಲಿ ಕಾವಸ್ಜಿ ದಾವರ್ ಮುಂಬಯಿಯ ಮೊದಲ ಹತ್ತಿ ಗಿರಣಿ ಸ್ಥಾಪಿಸಿದ ಮೇಲೆ ರತ್ನಾಗಿರಿ, ಮಾಲವಣದ ಕಡೆಯ ಸಾವಿರಾರು ಜನ ಲಾಲ್‌ಬಾಗ್, ಪರೇಲಿನ ಚಾಳುಗಳಿಗೆ ಬಂದು ನೆಲೆಸಿದರು. ಧೋಂಡಸ್ ಬಂದದ್ದೂ ಅವರ ಜೊತೆಗೇ. ಪಾರ್ಸಿಗಳ ಕುಮಾಸ್‌ ಕೇಕಿನ ಹಿಟ್ಟು ಉಬ್ಬುತ್ತಿದ್ದದ್ದು ಸೇಂದಿಯಿಂದ. ಘಮ ಮಾತ್ರ ಅದೇ ಏಲಕ್ಕಿ, ಜಾಯಿಕಾಯಿಯದು.

ನಾನ್‌ಖಟಾಯಿಯ ಮೂಲವನ್ನು ಸಾಮಾನ್ಯವಾಗಿ ಸೂರತ್ತಿನಲ್ಲಿ ಹುಡುಕುತ್ತಾರೆ. ಅಲ್ಲಿ ಹೇಳುವ ಕಥೆಯ ಪ್ರಕಾರ, ಡಚ್ಚರು ಊರು ಬಿಡುವಾಗ ತಮ್ಮ ಒಲೆಗಳನ್ನು ಫರಾಮ್‌ಜಿ ಪೆಸ್ತನ್‌ಜಿ ದೋತಿವಾಲಾ ಎಂಬ ಪಾರ್ಸಿಗೆ ಒಪ್ಪಿಸಿದರು. ಸೇಂದಿ, ಮೊಟ್ಟೆ ಒಲ್ಲದ ಗಿರಾಕಿಗಳಿಗಾಗಿ ಅವೆರಡನ್ನೂ ಬಿಟ್ಟು ಮಾಡಿದ ಬಿಸ್ಕತ್ತೇ ನಾನ್‌ಖಟಾಯಿ. ‘ನಾನ್’ ಪಾರಸಿಯಲ್ಲಿ ರೊಟ್ಟಿ. ‘ಖಟಾಯಿ’ಯನ್ನು ಕೆಲವರು ಚೀನಾದ ಹಳೆಯ ಹೆಸರಾದ ಖತಾಯ್‌ಗೆ ಜೋಡಿಸುತ್ತಾರೆ, ಇನ್ನು ಕೆಲವರು ಆರು ಸಾಮಗ್ರಿ ಎಂಬ ಅರ್ಥಕ್ಕೆ. ಮೊಟ್ಟೆ ಇಲ್ಲದ್ದರಿಂದಲೇ ಅದು ಗುಜರಾತಿ, ಮರಾಠಿ ಹಬ್ಬದ ತಟ್ಟೆಗೆ ಅಡ್ಡಿಯಿಲ್ಲದೆ ಬಂತು. ಚಕ್ಕುಲಿ, ಕರಂಜಿ, ಶಂಕರಪಾಳಿ ತುಂಬಿದ ದೀಪಾವಳಿಯ ‘ಫರಾಳ’ದಲ್ಲಿ ಹೆಚ್ಚಿನವು ಬಾಣಲೆಯಿಂದ ಬಂದವು. ನಾನ್‌ಖಟಾಯಿ ಮಾತ್ರ ಭಟ್ಟಿಯಿಂದ ಬಂದದ್ದು.

ಭಟ್ಟಿ ಬೀದಿಬೀದಿಯಲ್ಲೂ ಇದ್ದದ್ದು ಪಾವ್‌ನಿಂದಾಗಿ. ಪೋರ್ಚುಗೀಸರಿಂದ ಬಂದ ಆ ರೊಟ್ಟಿಯನ್ನು ಗೋವಾದ ಬೇಕರಿಯವರು, ಇರಾನಿಗಳು, ಮುಂದೆ ಉತ್ತರ ಪ್ರದೇಶದ ಮುಸ್ಲಿಮರು ನಗರದ ದಿನನಿತ್ಯದ ಆಹಾರವಾಗಿಸಿದರು. ಧೋಬಿ ತಲಾವಿನ ಕಯಾನಿ 1904ರದು. ಗ್ರ್ಯಾಂಟ್ ರೋಡ್ ನಿಲ್ದಾಣದೆದುರಿನ ಬಿ. ಮೆರ್ವಾನ್ 1914ರದು. ಮೆರ್ವಾನ್‌ಗೆ ಹೆಸರು ತಂದ ಮಾವಾ ಕೇಕಿನಲ್ಲೂ ಏಲಕ್ಕಿಯದೇ ಘಮ.

ಹಬ್ಬಕ್ಕೆ ವಾರವಿದೆ ಎನ್ನುವಾಗ ಕೆಲಸ ಶುರು. ಅಗಲವಾದ ಪರಾತದಲ್ಲಿ ತುಪ್ಪ, ಪುಡಿ ಸಕ್ಕರೆ ಹಾಕಿ ಅಂಗೈಯಿಂದ ತಿಕ್ಕುತ್ತಾ ಹೋಗಬೇಕು. ಹಳದಿ ಬಣ್ಣ ಬಿಳಿಗೆ ತಿರುಗಿ, ಬೆಣ್ಣೆಗಿಂತ ಹಗುರಾಗಬೇಕು. ಅದರ ಒಂದು ಚೂರನ್ನು ನೀರಿಗೆ ಬಿಟ್ಟಾಗ ತೇಲಿದರೆ ಸರಿ, ಮುಳುಗಿದರೆ ಮತ್ತೆ ತಿಕ್ಕಬೇಕು. 1932ರಲ್ಲಿ ಮುಂಬಯಿಯ ಶಿವಡಿಯಲ್ಲಿ ವನಸ್ಪತಿ ತಯಾರಿಕೆ ಆರಂಭವಾಗಿ, ಕೆಲವೇ ವರ್ಷಗಳಲ್ಲಿ ಡಾಲ್ಡಾ ಡಬ್ಬಿ ಮನೆಗಳಿಗೆ ಬಂದ ಮೇಲೆ ಎಷ್ಟೋ ಕಡೆ ತುಪ್ಪದ ಜಾಗವನ್ನು ಅದೇ ಹಿಡಿಯಿತು. ಮೈದಾ, ಸ್ವಲ್ಪ ಕಡಲೆಹಿಟ್ಟು, ಒಂದು ಹಿಡಿ ರವೆ, ಚಿಟಿಕೆ ಸೋಡಾ ಸೇರಿ, ಮೇಲೆ ಜಾಯಿಕಾಯಿಯನ್ನು ತೇಯ್ದು ಉದುರಿಸಿದರೆ ಹಿಟ್ಟು ಸಿದ್ಧ. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೆಂಗಸರು ಮಧ್ಯಾಹ್ನ ಬೇಕರಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಪಾವ್ ಬೇಯಿಸಿ ಇಳಿಸಿದ ಭಟ್ಟಿಯ ತಗ್ಗಿದ ಶಾಖವೇ ನಾನ್‌ಖಟಾಯಿಗೆ ಹಿತ. ಬೇಕರಿಯವರು ಕರಿ ಹಿಡಿದ ತಗಡಿನ ತಟ್ಟೆ ಕೊಡುತ್ತಿದ್ದರು. ಅಲ್ಲೇ ಕೂತು ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿ, ನಡುವೆ ಚಾರೋಳಿ ಇಟ್ಟು, ಯಾರ ತಟ್ಟೆ ಯಾರದೆಂದು ತಿಳಿಯಲು ಹೆಸರಿನ ಚೀಟಿ ಇಡಬೇಕು. ಹಾಕುವಾಗ ಬಿಟ್ಟ ಅಂತರ ಸಾಲದಿದ್ದರೆ ಎಲ್ಲವೂ ಅಂಟಿಕೊಂಡು ಹೊರಬರುತ್ತಿದ್ದವು.

ಬೆಂಗಳೂರು, ಮೈಸೂರಿನವರಿಗೆ ನಾನ್‌ಖಟಾಯಿ ಅಯ್ಯಂಗಾರ್ ಬೇಕರಿಯಿಂದ ಪೊಟ್ಟಣ ಕಟ್ಟಿಸಿ ತರುವ ತಿನಿಸು. ಮುಂಬಯಿಯ ಚಾಳಿನಲ್ಲಿ ಮರಾಠಿ ನೆರೆಯವರ ನಡುವೆ ಬೆಳೆದ ಕನ್ನಡಿಗರಿಗೆ ಅದು ಸಾಲಿನಲ್ಲಿ ನಿಂತು ಬೇಯಿಸಿಕೊಂಡು ತರುವ ತಿನಿಸು. ಒಂದೇ ಹೆಸರಿನ ತಿನಿಸು ಎರಡು ಊರುಗಳಲ್ಲಿ ಎರಡು ಬಗೆಯ ನೆನಪಾಗಿ ಉಳಿದಿದೆ.

ಮಸಾಲೆಯ ಆಯ್ಕೆಗೂ ಋತುವಿನ ನಂಟಿದೆ. ಪಶ್ಚಿಮ ಘಟ್ಟದ ಏಲಕ್ಕಿ ಕೊಯ್ಲು ಮಳೆಗಾಲದ ಕೊನೆಯಲ್ಲಿ ಆರಂಭವಾಗುವುದರಿಂದ ಹೊಸ ಬೆಳೆ ಹಬ್ಬದ ಹೊತ್ತಿಗೇ ಪೇಟೆಗೆ ಬರುತ್ತದೆ. ಅಮೆರಿಕದಲ್ಲಿ ಶರತ್ಕಾಲವೆಂದರೆ ಕುಂಬಳಕಾಯಿ ಪೈಗೆ ಹಾಕುವ ದಾಲ್ಚಿನ್ನಿ, ಶುಂಠಿ, ಲವಂಗ, ಜಾಯಿಕಾಯಿಯ ಮಿಶ್ರಣ; ಮೆಕಾರ್ಮಿಕ್ ಕಂಪನಿ 1930ರ ದಶಕದಲ್ಲೇ ಅದನ್ನು ಡಬ್ಬಿಯಲ್ಲಿ ಮಾರತೊಡಗಿತು. ಅದೇ ಮಿಶ್ರಣದ ಕಾಫಿಯನ್ನು 2003ರಲ್ಲಿ ಹೊರತಂದ ಸ್ಟಾರ್‌ಬಕ್ಸ್ ಭಾರತದ ತನ್ನ ಮೊದಲ ಮಳಿಗೆಯನ್ನು 2012ರ ಅಕ್ಟೋಬರ್‌ನಲ್ಲಿ ತೆರೆದದ್ದು ಮುಂಬಯಿಯ ಹಾರ್ನಿಮನ್ ಸರ್ಕಲ್‌ನಲ್ಲಿ. ಎರಡು ರುಚಿಗಳಿಗೂ ಹೊಂದುವ ಕೊಂಡಿ ಜಾಯಿಕಾಯಿ ಒಂದೇ.

ಅಡುಗೆ ಗ್ಯಾಸ್ ಬಂದ ಮೇಲೆ, ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ದುಂಡಗಿನ ಅಲ್ಯೂಮಿನಿಯಂ ಓವನ್ ಮಧ್ಯಮ ವರ್ಗದ ಮನೆಗಳನ್ನು ಸೇರಿತು. ಅದೂ ಇಲ್ಲದವರು ಕುಕ್ಕರ್‌ನ ತಳಕ್ಕೆ ಉಪ್ಪು ಹರಡಿ, ಸೀಟಿ ತೆಗೆದು, ಅದರೊಳಗೇ ಬೇಯಿಸಿದರು. ಅಚ್ಚು, ಬೆಣ್ಣೆ ಕಾಗದ, ಎಸೆನ್ಸ್ ಬೇಕಾದರೆ ಕ್ರಾಫರ್ಡ್ ಮಾರುಕಟ್ಟೆಯ ಅಂಗಡಿಗಳಿದ್ದವು. 2020ರ ಲಾಕ್‌ಡೌನ್ ದಿನಗಳಲ್ಲಿ ಕುಕ್ಕರ್ ಕೇಕು ಮನೆಮನೆಯ ಹವ್ಯಾಸವಾಯಿತು. ಫ್ಲ್ಯಾಟಿನಿಂದಲೇ ಆರ್ಡರ್ ಪಡೆದು ದೀಪಾವಳಿಗೆ ನಾನ್‌ಖಟಾಯಿ ಕಳುಹಿಸುವ ಹೆಣ್ಣುಮಕ್ಕಳೂ ಹೆಚ್ಚಿದರು.

ಇತ್ತ ಭಟ್ಟಿಗಳೇ ಬದಲಾಗುತ್ತಿವೆ. ವಾಯುಮಾಲಿನ್ಯದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ, ಸೌದೆ-ಇದ್ದಿಲು ಬಳಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಹೊಗೆ ಉಸಿರಾಡುವ ನಗರಕ್ಕೆ ಇದು ಬೇಕಿತ್ತು. ಆದರೆ ಉರಿ ಆರಿದ ಮೇಲೂ ಗಂಟೆಗಟ್ಟಲೆ ಬಿಸಿ ಹಿಡಿದಿಡುತ್ತಿದ್ದದ್ದು ಆ ಹಳೆಯ ಇಟ್ಟಿಗೆಯ ಗೋಡೆ. ನೆರೆಹೊರೆಯ ತಟ್ಟೆಗಳಿಗೆ ಬೇಕರಿಯಲ್ಲಿ ಜಾಗ ಸಿಗುತ್ತಿದ್ದದ್ದು ಆ ಉಳಿದ ಬಿಸಿಯಲ್ಲಿ. ಗುಂಡಿ ತಿರುಗಿಸಿದೊಡನೆ ಆರುವ ಓವನ್‌ನಲ್ಲಿ ಅಂಥ ಉಳಿಕೆ ಕಡಿಮೆ.