ಲೋಹಿತಾಶ್ವ ಬೆಳೆದ ಮೇಲೆ: ಕನ್ನಡ ಬಾಲನಟರ ವೃತ್ತಿಬದುಕಿನ ಒಂದು ಚರಿತ್ರೆ

ಮಾಸ್ಟರ್ ಹಿರಣ್ಣಯ್ಯನವರು 2019ರ ಮೇ ತಿಂಗಳಲ್ಲಿ ತೀರಿಕೊಂಡಾಗ ಅವರಿಗೆ 85 ವರ್ಷ. ‘ಲಂಚಾವತಾರ’ ನಾಟಕದಲ್ಲಿ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ದಶಕಗಟ್ಟಲೆ ತರಾಟೆಗೆ ತೆಗೆದುಕೊಂಡ ಆ ಹಿರಿಯರನ್ನು ಜನ ಕೊನೆಯವರೆಗೂ ‘ಮಾಸ್ಟರ್’ ಎಂದೇ ಕರೆದರು. ಸಿನಿಮಾದ ಹೆಸರುಪಟ್ಟಿಯಲ್ಲಿ ಹುಡುಗರಿಗೆ ‘ಮಾಸ್ಟರ್’, ಹುಡುಗಿಯರಿಗೆ ‘ಬೇಬಿ’ ಎಂದು ಅಂಟಿಸುವ ರೂಢಿ ಬಹಳ ಹಳೆಯದು. ಹುಡುಗರಿಗೆ ಅಂಟಿದ್ದು ಕೆಲವೊಮ್ಮೆ ಜನ್ಮಪೂರ್ತಿ ಬಿಡುವುದಿಲ್ಲ. ಮಾಸ್ಟರ್ ಮಂಜುನಾಥ್, ಮಾಸ್ಟರ್ ಆನಂದ್ ನಡುವಯಸ್ಸಿನ ಗೃಹಸ್ಥರಾದ ಮೇಲೂ ಮಾಸ್ಟರುಗಳೇ. ‘ಬೇಬಿ’ ಮಾತ್ರ ಬೇಗ ಉದುರುತ್ತದೆ. ಬೇಬಿ ಶಾಮಿಲಿ ಶಾಮಿಲಿ ಆದರು. ಈ ಚಿಕ್ಕ ವ್ಯತ್ಯಾಸದ ಹಿಂದೆ ದೊಡ್ಡದೊಂದು ಸಂಗತಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಾಲನಟ ದೊಡ್ಡವನಾದ ಮೇಲೆ ಏನಾದ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು: ಪ್ರತಿಭೆ ಇತ್ತು, ಉಳಿದ; ಅದೃಷ್ಟ ಇರಲಿಲ್ಲ, ಹೋದ. ಎರಡೂ ಸೋಮಾರಿ ಉತ್ತರಗಳು. ಕಂಪನಿ ನಾಟಕದಿಂದ ಟಿವಿ ಶೋಗಳವರೆಗಿನ ನೂರಿಪ್ಪತ್ತು ವರ್ಷಗಳ ದಾರಿಯನ್ನು ನೋಡಿದರೆ ಬೇರೆಯದೇ ಒಂದು ಅಂಶ ಎದ್ದು ಕಾಣುತ್ತದೆ. ಹುಡುಗನ ಸುತ್ತ ಪ್ರತಿಯೊಂದು ವಯಸ್ಸಿಗೂ ಒಂದು ಕೆಲಸ ಇಟ್ಟುಕೊಂಡ ಮನೆಯೋ ಮಂಡಳಿಯೋ ಇತ್ತೇ? ಇದ್ದ ಕಡೆ ಬೆಳೆಯುವುದೆಂದರೆ ಬಡ್ತಿ. ಇಲ್ಲದ ಕಡೆ ಬೆಳೆದದ್ದೇ ತಪ್ಪು.

ಈ ಮಾತು ನನಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ. ಮಂಡ್ಯಕ್ಕೂ ಪಾಂಡವಪುರಕ್ಕೂ ನಡುವೆ ಯಲಿಯೂರು ಎಂಬ ಪುಟ್ಟ ರೈಲು ನಿಲ್ದಾಣವಿದೆ. ಆ ಸೀಮೆಯ ಊರುಗಳಲ್ಲಿ ಪೌರಾಣಿಕ ನಾಟಕ ಈಗಲೂ ಹಬ್ಬ. ಕಬ್ಬು ಕಡಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪದ ಕಲಿಸುತ್ತಾರೆ. ದುರ್ಯೋಧನ, ಕೃಷ್ಣನಂಥ ಪಾತ್ರಗಳಿಗೆ ಆಡುವವನೇ ದುಡ್ಡು ಕಟ್ಟಬೇಕು. ಸೀನರಿ ಬಾಡಿಗೆಗೆ, ಸ್ತ್ರೀಪಾತ್ರದವರು ಪೇಟೆಯಿಂದ. ದುಡ್ಡು ಕಟ್ಟದೆ ಪಾತ್ರ ಸಿಗುವುದು ಮಕ್ಕಳಿಗೆ ಮಾತ್ರ.

ನಾನು ಎರಡು ವರ್ಷ ಹರಿಶ್ಚಂದ್ರ, ಚಂದ್ರಮತಿಯರ ಮಗ ಲೋಹಿತಾಶ್ವನಾಗಿದ್ದೆ. ಹಾವು ಕಚ್ಚಿ ಸತ್ತ ಮೇಲೆ ಚಂದ್ರಮತಿಯ ತೊಡೆಯ ಮೇಲೆ ಮಲಗಿರುವುದೇ ಆ ಪಾತ್ರದ ಕಷ್ಟ. ಆಕೆ ಅಳುತ್ತಾ ಹಾಡುವ ಪದಕ್ಕೆ ಜನ ‘ಒನ್ಸ್ ಮೋರ್’ ಅನ್ನುತ್ತಾರೆ, ಆಕೆ ಮತ್ತೆ ಮೊದಲಿಂದ ಹಿಡಿಯುತ್ತಾರೆ. ಹೊತ್ತು ಬೆಳಗಿನ ಜಾವ ಮೂರು ದಾಟಿರುತ್ತದೆ, ಕಾಲಿಗೆ ಸೊಳ್ಳೆ, ಕೆರೆಯುವಂತಿಲ್ಲ. ಮೊದಲ ವರ್ಷ ನಾನು ನಿಜವಾಗಿಯೇ ನಿದ್ದೆ ಹೋಗಿ, ಶಿವ ಪ್ರತ್ಯಕ್ಷನಾಗಿ ಬದುಕಿಸಿದರೂ ಏಳಲಿಲ್ಲ. ಹರಿಶ್ಚಂದ್ರ ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದ. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಧ್ವನಿ ಕೈಕೊಟ್ಟಿತು. ಮೇಷ್ಟ್ರು ಪೆಟ್ಟಿಗೆ ಮುಚ್ಚಿ ಹೇಳಿದರು: “ನಿನ್ ಗಂಟ್ಲು ಒಡದೋಯ್ತು ಕಣ್ಲಾ. ಮುಂದಿನ್ ವರ್ಸ ಪರದೆ ಎಳಿ.” ಅವಮಾನ ಅನ್ನಿಸಿತ್ತು. ಅದು ಅವಮಾನವಲ್ಲ, ವೃತ್ತಿರಂಗಭೂಮಿಯ ಹಳೆಯ ಕ್ರಮ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಆ ಕ್ರಮವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಗುಬ್ಬಿ ಕಂಪನಿಯಲ್ಲಿ. 1884ರಲ್ಲಿ ಶುರುವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ವೀರಣ್ಣ ಬಂದಾಗ ಅವರಿಗೆ ಆರು ವರ್ಷದ ಆಸುಪಾಸು. ಮುಂದೆ ಅದೇ ಕಂಪನಿಯ ಒಡೆಯರಾದರು, ನಾಟಕರತ್ನ ಅನ್ನಿಸಿಕೊಂಡರು. ಯಜಮಾನನೇ ಬಾಲನಟನಾಗಿದ್ದ ಸಂಸ್ಥೆಯಲ್ಲಿ ಹುಡುಗರು ಬೆಳೆಯುವುದು ಯಾರಿಗೂ ಆಶ್ಚರ್ಯದ ವಿಷಯವಾಗಿರಲಿಲ್ಲ. ಹುಡುಗ ಪ್ರಹ್ಲಾದ, ಕೃಷ್ಣ, ಲೋಹಿತಾಶ್ವ ಮಾಡುತ್ತಾನೆ. ಕೊಂಚ ಬೆಳೆದರೆ ಸಖಿಯೋ ರಾಣಿಯೋ ಆಗಿ ಸ್ತ್ರೀಪಾತ್ರಕ್ಕೆ ನಿಲ್ಲುತ್ತಾನೆ. ಗಂಟಲು ಒಡೆದಾಗ ದೂತ, ಸೈನಿಕ. ಪರದೆ, ದೀಪ, ಉಡುಪಿನ ಪೆಟ್ಟಿಗೆ. ಮಾತು ಮರೆತವರಿಗೆ ಪಕ್ಕದಿಂದ ಮಾತು ಕೊಡುವ ಕೆಲಸವೂ ಅವನದೇ. ಗಂಟಲು ಕೂತ ಮೇಲೆ ಮತ್ತೆ ದೀಪದ ಮುಂದೆ. ಅಷ್ಟರಲ್ಲಿ ನಾಟಕಕ್ಕೆ ನಾಟಕವೇ ಬಾಯಿಪಾಠ ಆಗಿರುತ್ತಿತ್ತು. ಊಟ ಕಂಪನಿ ಮನೆಯದು, ಮಲಗುವುದು ಕಂಪನಿ ಚಾಪೆಯ ಮೇಲೆ. ಶಾಲೆ ಇರಲಿಲ್ಲ, ಏಟು ಇತ್ತು. ಆ ಕಾಲವನ್ನು ಸುವರ್ಣಯುಗ ಎನ್ನುವವರು ಈ ಕೊನೆಯ ಎರಡನ್ನು ಬಿಟ್ಟು ಹೇಳುತ್ತಾರೆ.

ಗಾಜನೂರಿನ ಮುತ್ತುರಾಜ, ಮುಂದಿನ ರಾಜ್‌ಕುಮಾರ್, ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನು ಹಿಡಿದು ಗುಬ್ಬಿ ಕಂಪನಿ ಸೇರಿದ್ದು ಎಂಟು ವರ್ಷದ ಸುಮಾರಿಗೆ. 1942ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ಸಣ್ಣದೊಂದು ಪಾತ್ರದಲ್ಲಿ ಬಂದುಹೋದರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದ ಹೊತ್ತಿಗೆ ಅವರಿಗೆ 25. ನಡುವಿನ ಹದಿನೇಳು ವರ್ಷವನ್ನು ನಮ್ಮ ಅಭಿಮಾನಿ ಚರಿತ್ರೆಗಳು ‘ಕಷ್ಟದ ದಿನಗಳು’ ಎಂಬ ಎರಡು ಪದದಲ್ಲಿ ಮುಗಿಸುತ್ತವೆ. ಆ ಹದಿನೇಳು ವರ್ಷದಲ್ಲೇ ಒಬ್ಬ ಬಾಲನಟ ನಟನಾದದ್ದು.

‘ಬೇಡರ ಕಣ್ಣಪ್ಪ’ದ ಹೆಸರುಪಟ್ಟಿಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕು. ಅದರಲ್ಲಿ ರಾಜ್‌ಕುಮಾರ್ ಜೊತೆಗೆ ತಿಪಟೂರಿನ ನರಸಿಂಹರಾಜು ಇದ್ದಾರೆ. ನಾಲ್ಕನೆಯ ವಯಸ್ಸಿಗೇ ರಂಗ ಹತ್ತಿದವರು, ಬಾಲಪಾತ್ರಗಳ ವಯಸ್ಸು ಮೀರಿದ ಮೇಲೆ ಹಲವು ಕಂಪನಿ ಸುತ್ತಿ ಗುಬ್ಬಿಗೆ ಬಂದವರು. ನಂಜನಗೂಡಿನ ಕಡೆಯ ಜಿ.ವಿ. ಅಯ್ಯರ್ ಇದ್ದಾರೆ, ಅವರೂ ಎಂಟನೆಯ ವಯಸ್ಸಿಗೆ ಗುಬ್ಬಿ ಕಂಪನಿಗೆ ಹೋದವರು. ಒಂದೇ ಚಿತ್ರದಲ್ಲಿ ಮೂವರು ಮಾಜಿ ಬಾಲನಟರು. ಒಬ್ಬರು ನಾಯಕರಾದರು, ಒಬ್ಬರು ಹಾಸ್ಯಕ್ಕೆ ಇನ್ನೊಂದು ಹೆಸರಾದರು, ಮೂರನೆಯವರು ನಿರ್ದೇಶಕರಾಗಿ 1983ರಲ್ಲಿ ‘ಆದಿ ಶಂಕರಾಚಾರ್ಯ’ ಎಂಬ ಮೊದಲ ಸಂಸ್ಕೃತ ಚಿತ್ರ ತೆಗೆದರು. ಕಂಪನಿಯಲ್ಲೂ ಸಂಧಿಕಾಲದ ಹೊಡೆತ ಇತ್ತು ಎಂಬುದಕ್ಕೆ ನರಸಿಂಹರಾಜು ಅವರ ಅಲೆದಾಟವೇ ಸಾಕ್ಷಿ. ಆದರೆ ಒಂದು ಕಂಪನಿ ಬಿಟ್ಟರೆ ಇನ್ನೊಂದು ಇತ್ತು, ಎಲ್ಲ ಕಡೆಯೂ ಅದೇ ನಾಟಕ, ಅದೇ ಮಟ್ಟು. ಕಲಿತದ್ದು ವ್ಯರ್ಥವಾಗುತ್ತಿರಲಿಲ್ಲ.

ಹೆಣ್ಣುಮಕ್ಕಳಿಗೂ ಈ ಏಣಿ ಒದಗಿತ್ತು ಎನ್ನಲು ಬಿ. ಜಯಶ್ರೀ ಇದ್ದಾರೆ. ವೀರಣ್ಣನವರ ಮೊಮ್ಮಗಳು, ಎಳೆಯ ವಯಸ್ಸಿನಲ್ಲೇ ಕಂಪನಿಯ ರಂಗದ ಮೇಲೆ ನಿಂತವರು. ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಬಂದು ‘ಸ್ಪಂದನ’ ತಂಡ ಕಟ್ಟಿದರು, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು, 2013ರಲ್ಲಿ ಪದ್ಮಶ್ರೀ ಪಡೆದರು. ತಾತನ ಕಂಪನಿ ಎಂಬುದು ಇಲ್ಲಿ ಸಣ್ಣ ವಿಷಯವಲ್ಲ.

ಸಿನಿಮಾ ಬಂದಾಗ ಏಣಿ ಮುರಿಯಿತು. ಕಾರಣ ಸರಳ. ನಾಟಕದಲ್ಲಿ ಹುಡುಗನನ್ನು ಇಟ್ಟುಕೊಳ್ಳುತ್ತಿದ್ದುದು ನಟನಾಗುತ್ತಾನೆ ಎಂದು. ಸಿನಿಮಾ ಅವನನ್ನು ಕರೆಯುವುದು ಹುಡುಗನಾಗಿದ್ದಾನೆ ಎಂದು. ಚಿತ್ರ ಮುಗಿದರೆ ಸಂಬಂಧ ಮುಗಿಯಿತು. ಮುಂದಿನ ಚಿತ್ರಕ್ಕೆ ಅದೇ ವಯಸ್ಸಿನ ಇನ್ನೊಬ್ಬ ಸಿಗುತ್ತಾನೆ. ಕನ್ನಡದ ಮಕ್ಕಳು ರಾಷ್ಟ್ರಮಟ್ಟದಲ್ಲಿ ಗೆದ್ದದ್ದೇನೂ ಕಡಿಮೆಯಲ್ಲ. ‘ಕಾಡು’ ಚಿತ್ರಕ್ಕೆ ಜಿ.ಎಸ್. ನಟರಾಜ್, ‘ಘಟಶ್ರಾದ್ಧ’ಕ್ಕೆ ಅಜಿತ್ ಕುಮಾರ್, ‘ಬೆಟ್ಟದ ಹೂವು’ಗೆ ಪುನೀತ್, ‘ಸ್ವಾಮಿ’ಗೆ ಮಂಜುನಾಥ್, ‘ಕೊಟ್ರೇಶಿ ಕನಸು’ವಿಗೆ ವಿಜಯ್ ರಾಘವೇಂದ್ರ, ಇತ್ತೀಚೆಗೆ ‘ಒಂದಲ್ಲಾ ಎರಡಲ್ಲಾ’ಕ್ಕೆ ಪಿ.ವಿ. ರೋಹಿತ್ ಅತ್ಯುತ್ತಮ ಬಾಲನಟ ಪ್ರಶಸ್ತಿ ತಂದರು. ಪ್ರಶಸ್ತಿ ಕಮಲ ಕೊಡುತ್ತದೆ, ಮುಂದಿನ ಮೆಟ್ಟಿಲನ್ನಲ್ಲ. ಈ ಪಟ್ಟಿಯಲ್ಲಿ ಆಮೇಲೆ ನಾಯಕರಾಗಿ ನಿಂತ ಪುನೀತ್, ವಿಜಯ್ ರಾಘವೇಂದ್ರ ಇಬ್ಬರೂ ಒಂದೇ ಬಂಧುಬಳಗದವರು. ವಿಜಯ್ ಅವರ ತಂದೆ ಎಸ್.ಎ. ಚಿನ್ನೇಗೌಡರು ಪುನೀತ್ ಅವರ ತಾಯಿ ಪಾರ್ವತಮ್ಮ ರಾಜ್‌ಕುಮಾರ್ ಅವರ ತಮ್ಮ. ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ.

ಪುನೀತ್ ಆರು ತಿಂಗಳ ಕೂಸಾಗಿ ‘ಪ್ರೇಮದ ಕಾಣಿಕೆ’ಯಲ್ಲಿ ಕಾಣಿಸಿಕೊಂಡರು. ಆಗಿನ ಹೆಸರು ಲೋಹಿತ್. ಅಪ್ಪ ರಾಜ್‌ಕುಮಾರ್ ರಂಗದ ಮೇಲೆ ಕಂಡ ಲೋಹಿತಾಶ್ವರ ನೆನಪು ನಮಗಾದರೂ ಬಾರದೆ ಇರದು. ‘ಚಲಿಸುವ ಮೋಡಗಳು’, ‘ಎರಡು ನಕ್ಷತ್ರಗಳು’, 1983ರ ‘ಭಕ್ತ ಪ್ರಹ್ಲಾದ’. ಆ ಪ್ರಹ್ಲಾದನ ಎದುರು ಹಿರಣ್ಯಕಶಿಪುವಾಗಿ ನಿಂತದ್ದು ಸ್ವಂತ ತಂದೆ. ಕಂಪನಿಯಲ್ಲಿ ಪುಟ್ಟಸ್ವಾಮಯ್ಯ ಮಗನಿಗೆ ಕಲಿಸಿದ್ದನ್ನು ಆ ಮಗ ಕ್ಯಾಮೆರಾ ಮುಂದೆ ತನ್ನ ಮಗನಿಗೆ ದಾಟಿಸಿದ. ‘ಬೆಟ್ಟದ ಹೂವು’ ಚಿತ್ರದ ಹುಡುಗ ರಾಮಾಯಣ ದರ್ಶನಂ ಕೊಳ್ಳಲು ಕಾಸು ಕೂಡಿಡುತ್ತಾನೆ. ಕೊನೆಗೆ ಆ ಕಾಸು ಮನೆಯ ಕಷ್ಟಕ್ಕೆ ಹೋಗುತ್ತದೆ. ಆ ಪಾತ್ರ ಮಾಡಿದ ಹುಡುಗನಿಗೆ ಅಂಥ ಒತ್ತಡ ಇರಲಿಲ್ಲ. 1989ರ ‘ಪರಶುರಾಮ್’ ಆದ ಮೇಲೆ 2002ರ ‘ಅಪ್ಪು’ವರೆಗೆ ಹದಿಮೂರು ವರ್ಷ ಅವರು ತೆರೆಯಿಂದ ದೂರ ಉಳಿದರು, ವ್ಯಾಪಾರಕ್ಕೂ ಕೈ ಹಾಕಿದರು. ಹಾಗೆ ದೂರ ಇರುವುದಕ್ಕೆ ಸಾಧ್ಯವಾದದ್ದು, ಮರಳಿ ಬಂದಾಗ ನಿರ್ಮಾಣ, ಕಥೆ, ಬಿಡುಗಡೆ ಎಲ್ಲ ಸಿದ್ಧವಿದ್ದದ್ದು, ಮನೆಯೇ ಕಂಪನಿಯಾಗಿದ್ದರಿಂದ. ಅವರ ಪ್ರತಿಭೆಯನ್ನು ಕಡಿಮೆ ಮಾಡಲು ಹೇಳುತ್ತಿಲ್ಲ. ಅಷ್ಟೇ ಪ್ರತಿಭೆಯ ಎಷ್ಟೋ ಹುಡುಗರಿಗೆ ಕಾಯಲು ಜಗಲಿ ಇರಲಿಲ್ಲ.

ಲೋಕೇಶ್ ಅವರದೂ ಇದೇ ಬಗೆ. ‘ಸತಿ ಸುಲೋಚನ’ದ ನಾಯಕ ಸುಬ್ಬಯ್ಯ ನಾಯ್ಡು ಅವರ ಮಗ. ತೆರೆಗೆ ಬಂದದ್ದು 1958ರ ‘ಭಕ್ತ ಪ್ರಹ್ಲಾದ’ದಲ್ಲಿ, ಮತ್ತದೇ ಪ್ರಹ್ಲಾದನ ಕಥೆ. ‘ಭೂತಯ್ಯನ ಮಗ ಅಯ್ಯು’ವಿನ ಲೋಕೇಶ್ ಆಗಲು ಇನ್ನೂ ಹದಿನಾರು ವರ್ಷ ಹಿಡಿಯಿತು.

ಹೊರಗಿನಿಂದ ಬಂದವರ ಕಥೆಯೇ ಬೇರೆ. ಶಂಕರ್ ನಾಗ್ ಟಿವಿ ಧಾರಾವಾಹಿಗಾಗಿ ಆಗುಂಬೆಯಲ್ಲಿ ಮಾಲ್ಗುಡಿಯನ್ನು ಕಟ್ಟಿದಾಗ ಸ್ವಾಮಿಯಾದ ಮಂಜುನಾಥ್ ಇಡೀ ದೇಶದ ಮನೆಮಗ. ‘ಅಗ್ನಿಪಥ್’ನಲ್ಲಿ ಅಮಿತಾಭ್ ಪಾತ್ರದ ಬಾಲ್ಯ ಅವರದೇ. ಹತ್ತೊಂಬತ್ತರ ಸುಮಾರಿಗೆ ನಟನೆ ಬಿಟ್ಟು ಓದಿಗೆ ಹೊರಳಿದರು. ಮುಂದೆ ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಯ ಸಂಸ್ಥೆಯಲ್ಲಿ ಸಾರ್ವಜನಿಕ ಸಂಪರ್ಕದ ಹೊಣೆ ಹೊತ್ತರು. ಇಂಥವರ ಬಗ್ಗೆ ‘ಈಗ ಎಲ್ಲಿದ್ದಾರೆ ಗೊತ್ತೇ?’ ಎಂಬ ಮರುಕದ ಬರಹಗಳು ಆಗಾಗ ಬರುತ್ತವೆ. ಓದಿ, ಕೆಲಸ ಹಿಡಿದು, ಸಂಸಾರ ಮಾಡಿಕೊಂಡವನ ಮೇಲೆ ಮರುಕ ಯಾಕೆ? ಪುಟ್ಟ ಹುಡುಗ ತನಗೆ ತಿಳಿಯದೆ ಹಿಡಿದ ಉದ್ಯೋಗವನ್ನು ಹತ್ತೊಂಬತ್ತರ ಯುವಕ ತಿಳಿದೇ ಬಿಟ್ಟ. ಒಂಬತ್ತನೆಯ ವಯಸ್ಸಿಗೆ ‘ಕೇರ್ ಆಫ್ ಫುಟ್‌ಪಾತ್’ ನಿರ್ದೇಶಿಸಿ ಗಿನ್ನೆಸ್ ದಾಖಲೆಗೆ ಸೇರಿದ ಕಿಶನ್ ಇನ್ನೊಂದು ದಾರಿ ತೋರಿದರು: ವಯಸ್ಸಾಗುವ ಮುಖವನ್ನು ಬಿಟ್ಟು ಕ್ಯಾಮೆರಾದ ಹಿಂದಕ್ಕೆ ಹೋಗುವುದು.

ಹುಡುಗಿಯರಿಗೆ ಕಾಯುವ ಕಾಲವೇ ಇಲ್ಲ. ಬಾಲನಟಿಯಾಗಿದ್ದ ಅಮೂಲ್ಯ 2007ರ ‘ಚೆಲುವಿನ ಚಿತ್ತಾರ’ದಲ್ಲಿ ನಾಯಕಿಯಾದಾಗ ಹದಿನಾಲ್ಕೂ ತುಂಬಿರಲಿಲ್ಲ. ಪುನೀತ್ ನಾಯಕರಾದದ್ದು 27ಕ್ಕೆ. ಹುಡುಗನಿಗೆ ಹದಿಹರೆಯ ಖಾಲಿ ಜಾಗ. ಹುಡುಗಿಗೆ ಅದೇ ಮಾರುಕಟ್ಟೆ. ‘ಬೇಬಿ’ ಬೇಗ ಉದುರುತ್ತದೆ ಎಂದೆನಲ್ಲ, ಅದನ್ನು ಉದುರಿಸುವವರು ಇದ್ದಾರೆ.

ನಮ್ಮ ಜಿಲ್ಲೆಯ ಒಂದು ತಮಾಷೆಯನ್ನೂ ಇಲ್ಲಿ ಹೇಳಬೇಕು. ನೊದೆಕೊಪ್ಪಲು ಊರಲ್ಲಿ ಅಲ್ಲಿನವರನ್ನೇ ಹಾಕಿಕೊಂಡು ತೆಗೆದ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದಿತು. ಅದರ ಮುದುಕರಾದ ಗಡ್ಡಪ್ಪನನ್ನೂ ಸೆಂಚುರಿ ಗೌಡನನ್ನೂ ಚಿತ್ರರಂಗ ಆಮೇಲೆ ಮತ್ತೆ ಮತ್ತೆ ಕರೆಯಿತು, ಅದೇ ನಡಿಗೆ, ಅದೇ ಬೈಗುಳಕ್ಕಾಗಿ. ಇದ್ದ ಹಾಗೇ ಇರು, ಬದಲಾಗಬೇಡ ಎಂಬ ಕರಾರು. ಬಾಲನಟರಿಗೆ ಹಾಕುವ ಕರಾರೂ ಅದೇ. ಮುದುಕರಿಗೆ ಅದನ್ನು ಪಾಲಿಸುವುದು ಸುಲಭ, ಅಷ್ಟೇ.

ಕಾನೂನು ತಡವಾಗಿ ಬಂತು. ಚಾಪ್ಲಿನ್ ಜೊತೆ ‘ದಿ ಕಿಡ್’ನಲ್ಲಿ ನಟಿಸಿದ ಜಾಕಿ ಕೂಗನ್ ದೊಡ್ಡವನಾಗಿ ತನ್ನ ಗಳಿಕೆ ಕೇಳಿದಾಗ ತಾಯಿ, ಮಲತಂದೆ ಬಹುಪಾಲು ಕರಗಿಸಿದ್ದರು, ಆ ಮೊಕದ್ದಮೆಯ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ ಕಾಯ್ದೆ ಮಾಡಿತು. ನಮ್ಮಲ್ಲಿ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರ ನಿಯಮಗಳು ಬಾಲಕಲಾವಿದರಿಗೆ ಲೆಕ್ಕ ಹಾಕಿಕೊಟ್ಟವು: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತ 27 ದಿನ ಮೀರುವಂತಿಲ್ಲ, ಗಳಿಕೆಯಲ್ಲಿ ಶೇ. 20 ಮಗುವಿನ ಹೆಸರಲ್ಲಿ ಠೇವಣಿ. ಒಳ್ಳೆಯದೇ. ಹಣ ಉಳಿಯುತ್ತದೆ, ನಿದ್ದೆ ಉಳಿಯುತ್ತದೆ. ಹದಿನಾಲ್ಕರಿಂದ ಇಪ್ಪತ್ತರವರೆಗೆ ಆ ಮಗು ಏನು ಕಲಿಯಬೇಕು, ಎಲ್ಲಿ ನಿಂತು ಕಲಿಯಬೇಕು ಎಂಬುದು ನಿಯಮದ ಕೈಗೆ ಸಿಗುವ ವಿಷಯವಲ್ಲ. ಟಿವಿಯ ‘ಡ್ರಾಮಾ ಜೂನಿಯರ್ಸ್’ನಂಥ ಶೋಗಳು ಜಿಲ್ಲೆ ಜಿಲ್ಲೆಯ ಮಕ್ಕಳನ್ನು ವೇದಿಕೆಗೆ ತಂದವು, ತೀರ್ಪುಗಾರರ ಕುರ್ಚಿಯಲ್ಲಿ ವಿಜಯ್ ರಾಘವೇಂದ್ರ, ನಿರೂಪಣೆಗೆ ಮಾಸ್ಟರ್ ಆನಂದ್. ಹಳೆಯ ಬಾಲನಟರು ಮೇಷ್ಟ್ರಾಗಿ ಕೂತರು. ಆದರೆ ಸೀಸನ್ ಮುಗಿದರೆ ಮುಂದಿನ ಸೀಸನ್ನಿಗೆ ಬೇರೆ ಮಕ್ಕಳು ಬರುತ್ತಾರೆ, ಪರದೆ ಎಳೆಯುವ ಕೆಲಸವನ್ನು ಯಾರೂ ಕೊಡುವುದಿಲ್ಲ.

ಯಲಿಯೂರಿನ ಕಡೆಯ ಲೋಹಿತಾಶ್ವನಿಗೆ ಈ ನಿಯಮ ಯಾವುದೂ ತಗಲುವುದಿಲ್ಲ. ಎದೆಗೆ ಪಿನ್ನು ಚುಚ್ಚಿದ ನೋಟು ಠೇವಣಿಗೆ ಹೋಗದೆ ಅವ್ವನ ಸೆರಗಿನ ಗಂಟಿಗೆ ಹೋಗುತ್ತದೆ, ಬೆಳಗ್ಗೆ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಂಡು ಅವನು ಶಾಲೆಗೆ ಓಡುತ್ತಾನೆ. ನಾನು ಎರಡು ವರ್ಷ ಪರದೆ ಎಳೆದೆ. ಮೂರನೆಯ ವರ್ಷ ನಕ್ಷತ್ರಿಕನ ಪಾತ್ರ ಕಟ್ಟಿದ್ದವರಿಗೆ ನಾಟಕದ ದಿನ ಜ್ವರ ಬಂತು. ಸಂಜೆ ಮೇಷ್ಟ್ರು ಹಾರ್ಮೋನಿಯಂ ತಿದಿ ಒತ್ತುತ್ತಾ ಸುತ್ತ ನೋಡಿ, “ಆ ಹಗ್ಗ ಇನ್ಯಾರ್ ಕೈಗಾದ್ರೂ ಕೊಟ್ಬುಟ್ಟು ಬಾರ್ಲಾ ಇಲ್ಲಿ” ಅಂದರು.