ಹಲ್ಲಿಗೆ ಕ್ಲಿಪ್: ಇಷ್ಟು ತಡ ಯಾಕ್ರೀ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ಊರುಗಳಿಂದ ಹೊರಟು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ನೌಕರಿ ಹಿಡಿದವರು ಬಹಳ ಜನ. ಅಪ್ಪನ ಸಾಲ, ತಂಗಿಯ ಕಾಲೇಜು ಫೀಸು ಎಲ್ಲಾ ತೀರಿದ ಮೇಲೆ ತಮಗಾಗಿ ಅಂತ ಮಾಡಿಕೊಳ್ಳೋ ಮೊದಲ ಖರ್ಚುಗಳಲ್ಲಿ ಹಲ್ಲಿನ ಕ್ಲಿಪ್ಪೂ ಒಂದು. ಹದಿಮೂರನೇ ವಯಸ್ಸಿಗೆ ಆಗದೇ ಇದ್ದದ್ದು ಇಪ್ಪತ್ತೇಳಕ್ಕೆ ಆಗುತ್ತೆ. ಕುರ್ಚಿಗೆ ಒರಗಿದ ಕೂಡಲೇ ಬರುವ ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ: "ಡಾಕ್ಟರ್ರ, ದೀಪಾವಳಿ ಆದಮ್ಯಾಲ ಮದಿವಿ ಐತ್ರಿ. ಆರ್ ತಿಂಗಳದಾಗ ಮುಗೀತದಲ್ರೀ?"

ಬಹುತೇಕ ಮುಗಿಯಲ್ಲ. ಪೂರ್ತಿ ಕ್ಲಿಪ್ ಚಿಕಿತ್ಸೆಗೆ ಸರಾಸರಿ ಹಿಡಿಯೋದು ಸುಮಾರು 20 ತಿಂಗಳು. ಸುಲಭದ ಕೇಸು ಒಂದು ವರ್ಷದ ಆಸುಪಾಸು, ಕಷ್ಟದ್ದು ಎರಡೂವರೆ ವರ್ಷದ ತನಕ. ಮೊಬೈಲು ಆರು ತಿಂಗಳಿಗೊಮ್ಮೆ ಬದಲಾಗೋ ಕಾಲದಲ್ಲಿ ಇದೊಂದು ಯಾಕೆ ಇಷ್ಟು ನಿಧಾನ? ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಅವಸರ ನಮ್ಮ ಕಾಲದ್ದೇ ಅಂತ ತಿಳಿಯಬೇಡಿ. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಷಾರ್ ಹಲ್ಲಿನ ವೈದ್ಯದ ಬಗ್ಗೆ ದೊಡ್ಡ ಪುಸ್ತಕ ಬರೆದ. ಅದರಲ್ಲಿ ಕುದುರೆ ಲಾಳದ ಆಕಾರದ ಲೋಹದ ಪಟ್ಟಿಗೆ ಹಲ್ಲುಗಳನ್ನ ದಾರದಿಂದ ಕಟ್ಟಿ ಮೆಲ್ಲಗೆ ಎಳೆಯುವ ಉಪಾಯ ಇದೆ. ಜೊತೆಗೆ ಇನ್ನೊಂದು ದಾರಿಯೂ ಇದೆ: ಇಕ್ಕಳದಿಂದ ಹಲ್ಲನ್ನ ಒಂದೇ ಸಲಕ್ಕೆ ತಿರುಗಿಸಿ ನೆಟ್ಟಗೆ ಮಾಡಿ, ಪಕ್ಕದ ಹಲ್ಲಿಗೆ ಕಟ್ಟಿಬಿಡೋದು. ಒಂದೇ ದಿನದ ಕೆಲಸ. ಆ ದಾರಿ ಉಳಿಯಲಿಲ್ಲ, ಯಾಕೆ ಅನ್ನೋದು ಊಹಿಸೋಕೆ ಕಷ್ಟವೇನಿಲ್ಲ.

ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ವಕ್ರ ಹಲ್ಲುಗಳನ್ನ ಮೂರು ವರ್ಗ ಮಾಡಿದ. ಮರುವರ್ಷ ಸೇಂಟ್ ಲೂಯಿಸ್‌ನಲ್ಲಿ ಇದನ್ನೇ ಕಲಿಸುವ ಶಾಲೆ ತೆರೆದ. ಆದರೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸ್ವೀಡನ್ನಿನ ಕಾರ್ಲ್ ಸಾಂಡ್‌ಸ್ಟೆಡ್ ಕೈಯಲ್ಲಿ, 1904ರ ಹೊತ್ತಿಗೆ. ನಾಯಿಯ ಹಲ್ಲಿಗೆ ತಂತಿ ಕಟ್ಟಿ, ಕೆಲವು ವಾರ ಎಳೆದು, ಆಮೇಲೆ ದವಡೆಯ ಎಲುಬನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ. ಹಲ್ಲು ಯಾವ ಕಡೆಗೆ ಒತ್ತುತ್ತೋ ಆ ಕಡೆ ಎಲುಬು ಕರಗಿತ್ತು, ಹಿಂದಿನ ಕಡೆ ಹೊಸ ಎಲುಬು ಹುಟ್ಟಿತ್ತು. ಜೋರಾಗಿ ಒತ್ತಿದ ಕಡೆ ಮಾತ್ರ ರಕ್ತ ಹರಿಯದೆ ಜೀವಕೋಶಗಳೇ ಸತ್ತಿದ್ದವು. ಆ ಸತ್ತ ಜಾಗ ತೆರವಾಗೋ ತನಕ ಹಲ್ಲು ಕದಲಲ್ಲ.

ಅಂದರೆ ತಂತಿ ಹಲ್ಲನ್ನ ದೂಡಲ್ಲ, ಎಲುಬಿಗೆ ಸೂಚನೆ ಕೊಡುತ್ತೆ ಅಷ್ಟೇ. ಕೆಲಸ ಮಾಡೋದು ಎಲುಬು. ಅದರ ವೇಗ ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. "ಸ್ವಲ್ಪ ಬಿಗಿ ಮಾಡ್ರಿ, ಲಗೂ ಮುಗೀಲಿ" ಅಂದರೆ ಆಗೋದು ಉಲ್ಟಾ: ಹಲ್ಲು ನಿಂತುಬಿಡುತ್ತೆ, ಬೇರಿನ ತುದಿ ಸವೆಯೋ ಅಪಾಯ ಬೇರೆ.

ಹದಿಹರೆಯದವರಿಗೆ ಬೇಗ, ದೊಡ್ಡವರಿಗೆ ತಡ ಅನ್ನೋ ಮಾತು ಅರ್ಧ ಸತ್ಯ. ದೊಡ್ಡವರ ಎಲುಬು ಎಚ್ಚರಗೊಳ್ಳೋದು ತುಸು ತಡ. ಆದರೆ ಒಮ್ಮೆ ಶುರುವಾದರೆ ವೇಗದಲ್ಲಿ ಭಾರಿ ವ್ಯತ್ಯಾಸ ಇಲ್ಲ. ಹೇಳಿದ ದಿನ ಬರೋದು, ಸರಿಯಾಗಿ ಬ್ರಷ್ ಮಾಡೋದು ಇವರೇ, ಹಾಗಾಗಿ ಒಟ್ಟು ಲೆಕ್ಕ ಹತ್ತಿರ ಹತ್ತಿರ ಸಮ ಆಗುತ್ತೆ. ನಿಜವಾದ ವ್ಯತ್ಯಾಸ ದವಡೆಯದು. ಬೆಳೆಯುವ ವಯಸ್ಸಿನಲ್ಲಿ ದವಡೆಯ ಬೆಳವಣಿಗೆಯನ್ನೇ ಬಳಸಿಕೊಳ್ಳಬಹುದು, ಕಿರಿದಾದ ಮೇಲ್ದವಡೆಯನ್ನ ಅಗಲ ಮಾಡಬಹುದು. ಬೆಳವಣಿಗೆ ಮುಗಿದ ಮೇಲೆ ದವಡೆಯ ದೊಡ್ಡ ದೋಷಕ್ಕೆ ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕು.

ಇನ್ನು ನಮ್ಮೂರಿನ ಕಥೆ. ಆಂಗಲ್ ಕಾಲದಲ್ಲಿ ಹಲ್ಲಿಗೆ ಲೋಹದ ಬಳೆ ತೊಡಿಸುತ್ತಿದ್ದರು. 1955ರಲ್ಲಿ ಅಮೆರಿಕದ ಮೈಕಲ್ ಬ್ಯುನೊಕೋರ್, ಹಲ್ಲಿನ ಹೊರಪದರ ಎನಾಮಲ್ ಮೇಲೆ ಆಮ್ಲ ಹಚ್ಚಿ ಒರಟು ಮಾಡಿದರೆ ಅಂಟು ಗಟ್ಟಿಯಾಗಿ ಕೂರುತ್ತೆ ಅಂತ ತೋರಿಸಿದ. ಇವತ್ತು ಹಲ್ಲಿಗೆ ನೇರ ಅಂಟಿಸೋ ಪುಟ್ಟ ಬ್ರಾಕೆಟ್‌ಗಳೆಲ್ಲ ಅದರ ಮಕ್ಕಳು. ಆದರೆ ಈ ಉಪಾಯ ಮುಗ್ಗರಿಸೋ ಹಲ್ಲೊಂದಿದೆ: ಫ್ಲೋರೈಡ್ ನೀರು ಕುಡಿದು ಬೆಳೆದ ಹಲ್ಲು.

ಇದರ ಪತ್ತೆದಾರಿಕೆಯೂ ಹಳೆಯದೇ. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿನ ಮಕ್ಕಳ ಹಲ್ಲಿನ ಕಂದು ಕಲೆಗೆ ನೀರಿನ ಫ್ಲೋರೈಡ್ ಕಾರಣ ಅಂತ ತಿಳಿದದ್ದು 1931ರಲ್ಲಿ. ಭಾರತದಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ ಶಾರ್ಟ್ ಮತ್ತು ಸಂಗಡಿಗರು ಫ್ಲೋರೋಸಿಸ್ ವರದಿ ಮಾಡಿದ್ದು 1937ರಲ್ಲಿ. ವಿಜಯಪುರ ಜಿಲ್ಲೆಯಲ್ಲಿ ಬರದ ಬೆನ್ನಿಗೆ ಬೋರ್‌ವೆಲ್ ಬಂದವು, ಆಳದ ನೀರು ಬಂತು. ಹಲವು ಹಳ್ಳಿಗಳಲ್ಲಿ ಆ ನೀರಿನ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ಅನ್ನೋ ಮಿತಿಯನ್ನ ದಾಟಿದೆ. ಹಲ್ಲು ರೂಪುಗೊಳ್ಳೋ ಮೊದಲ ಏಳೆಂಟು ವರ್ಷ ಆ ನೀರು ಕುಡಿದರೆ ಬಿಳಿ ಚುಕ್ಕೆ, ಕಂದು ಪಟ್ಟೆ ಜೀವನಪೂರ್ತಿ ಉಳಿಯುತ್ತವೆ. "ಹಲ್ಲ ತಿಕ್ಕಂಗಿಲ್ಲೇನ?" ಅಂತ ಹಾಸ್ಟೆಲಿನಲ್ಲಿ ಅನ್ನಿಸಿಕೊಂಡ ಹುಡುಗರ ತಪ್ಪು ಅದರಲ್ಲಿ ಏನೂ ಇಲ್ಲ. ಅದು ನೀರಿನ ಗುರುತು.

ಇಂಥ ಹಲ್ಲಿನ ಹೊರಪದರಕ್ಕೆ ಆಮ್ಲ ಸುಲಭಕ್ಕೆ ತಾಗಲ್ಲ. ಅಂಟು ಸಡಿಲ, ಬ್ರಾಕೆಟ್ ಮತ್ತೆ ಮತ್ತೆ ಕಿತ್ತು ಬರುತ್ತೆ, ಪ್ರತಿ ಸಲವೂ ಚಿಕಿತ್ಸೆ ಕೆಲವು ವಾರ ಹಿಂದಕ್ಕೆ. ತಿಳಿದ ವೈದ್ಯರು ಮೊದಲೇ ನೋಡಿ ಮೇಲ್ಪದರ ತುಸು ಉಜ್ಜುತ್ತಾರೆ, ಇಲ್ಲಾ ಆಮ್ಲವನ್ನ ಹೆಚ್ಚು ಹೊತ್ತು ಬಿಡುತ್ತಾರೆ.

ಇದರ ಮೇಲೆ ದಾರಿ. ಕರ್ನಾಟಕದಲ್ಲಿ ಸರ್ಕಾರಿ ದಂತ ಕಾಲೇಜು ಬೆಂಗಳೂರಿನಲ್ಲಿ ಶುರುವಾದದ್ದು 1958ರಲ್ಲಿ. ಈಗ ವಿಜಯಪುರದಲ್ಲೇ ಅಲ್-ಅಮೀನ್ ದಂತ ಕಾಲೇಜು ಇದೆ. ಆದರೂ ಮುದ್ದೇಬಿಹಾಳದಿಂದ ಅಲ್ಲಿಗೆ ಸುಮಾರು 80 ಕಿಲೋಮೀಟರ್. ಆರು ವಾರಕ್ಕೊಮ್ಮೆ ಅಂದರೂ 20 ತಿಂಗಳಿಗೆ 14 ಸಲ, ಹೋಗಿಬರೋದು ಸೇರಿ 2,200 ಕಿಲೋಮೀಟರ್ ದಾಟುತ್ತೆ. ಹತ್ತನೇ ಕ್ಲಾಸಿನ ಹುಡುಗಿಗೆ ಪ್ರತಿ ಸಲ ಒಂದು ದಿನದ ಶಾಲೆ ಹೋಗುತ್ತೆ, ಜೊತೆಗೆ ಬರೋ ಅಪ್ಪನಿಗೆ ಒಂದು ದಿನದ ಕೂಲಿ. ನಾಲ್ಕು ಸಲ ತಪ್ಪಿದರೆ ಆರು ತಿಂಗಳು ಹೆಚ್ಚುವರಿ. ಎಷ್ಟೋ ಕ್ಲಿಪ್ಪುಗಳು ಅರ್ಧಕ್ಕೇ ನಿಲ್ಲೋದು ಹೀಗೆ.

1970ರ ದಶಕದಲ್ಲಿ ಬಂದ ನಿಕಲ್-ಟೈಟಾನಿಯಂ ತಂತಿ ಬಹಳ ದಿನ ಹಗುರವಾಗಿ ಎಳೆಯುತ್ತಲೇ ಇರುತ್ತೆ, ಹಾಗಾಗಿ ಭೇಟಿಗಳು ಕಡಿಮೆಯಾದವು. 1997ರಲ್ಲಿ ಶುರುವಾದ ಕಂಪನಿಯ ಪಾರದರ್ಶಕ ಇನ್ವಿಸಲೈನ್ ತಟ್ಟೆಗಳು ಆಫೀಸಿಗೆ ಹೋಗೋರ ಮುಜುಗರ ಕಡಿಮೆ ಮಾಡಿದವು. ಆದರೆ ಸಾಂಡ್‌ಸ್ಟೆಡ್ ಕಂಡ ಎಲುಬು ಅದೇ ಎಲುಬು. "ಅರ್ಧ ಟೈಮಿನಲ್ಲಿ" ಅನ್ನೋ ಜಾಹೀರಾತು ಕಂಡರೆ ಇದು ನೆನಪಿರಲಿ.

ಹಾಗಾಗಿ ಕುರ್ಚಿಗೆ ಒರಗಿದಾಗ ಪ್ರಶ್ನೆ ಸ್ವಲ್ಪ ಬದಲಿಸಿ. ನನ್ನದು ಬರೀ ಹಲ್ಲಿನ ದೋಷವೋ, ದವಡೆಯದೋ? ನನ್ನ ಎನಾಮಲ್ ಮೇಲೆ ಬ್ರಾಕೆಟ್ ನಿಲ್ಲುತ್ತಾ? ಕ್ಲಿಪ್ ತೆಗೆದ ಮೇಲೆ ರಿಟೇನರ್ ಎಷ್ಟು ವರ್ಷ ಹಾಕಬೇಕು? ಹಲ್ಲುಗಳು ಹಳೇ ಜಾಗಕ್ಕೆ ವಾಪಸ್ ಸರಿಯೋಕೆ ನೋಡುತ್ತವೆ, ಅದಕ್ಕೇ ಈ ಕೊನೇ ಪ್ರಶ್ನೆ. ಊರಲ್ಲಿ ತಮ್ಮನೋ ಅಕ್ಕನ ಮಗಳೋ ಇದ್ದರೆ ಏಳನೇ ವಯಸ್ಸಿನ ಹೊತ್ತಿಗೆ ಒಮ್ಮೆ ವೈದ್ಯರಿಗೆ ತೋರಿಸಿ, ಮನೆಯ ಕುಡಿಯೋ ನೀರನ್ನೂ ಪರೀಕ್ಷೆ ಮಾಡಿಸಿ. ಇನ್ನು ದೀಪಾವಳಿ ಆದಮೇಲಿನ ಮದುವೆ ಫೋಟೋದಲ್ಲಿ ಕ್ಲಿಪ್ ಕಂಡರೆ ಕಾಣಲಿ ಬಿಡಿ. ಎಲುಬನ್ನ ಅವಸರಪಡಿಸೋಕಿಂತ ಅದು ಎಷ್ಟೋ ವಾಸಿ.