‘ಇಂಗ್ಲಿಷ್ ಕಾಯಿಲೆ’ ಏಷ್ಯಾದ್ದಾಗಿದ್ದು ಹೇಗೆ?

ಇವತ್ತು ಒಂದು ಕಾಯಿಲೆಯ ಹೆಸರು ಬದಲಾದ ಕಥೆ ಹೇಳ್ತೀನಿ.

ಕಾಯಿಲೆ ರಿಕೆಟ್ಸ್. ಬೆಳೆಯೋ ಮಕ್ಕಳ ಮೂಳೆಗೆ ಕ್ಯಾಲ್ಸಿಯಂ ಸರಿಯಾಗಿ ಸೇರದೆ ಅದು ಮೆತ್ತಗಾಗುತ್ತೆ. ಮೈಭಾರಕ್ಕೆ ಕಾಲು ಬಿಲ್ಲಿನ ಹಾಗೆ ಬಾಗುತ್ತೆ. 1650ರಲ್ಲೇ ಇಂಗ್ಲೆಂಡಿನ ವೈದ್ಯ ಫ್ರಾನ್ಸಿಸ್ ಗ್ಲಿಸನ್ ಇದರ ಮೇಲೆ ಒಂದು ಪುಸ್ತಕ ಬರೆದ. ಜರ್ಮನ್ನರು ಇದನ್ನ ‘ಇಂಗ್ಲಿಷ್ ಕಾಯಿಲೆ’ ಅಂತಾನೇ ಕರೀತಿದ್ದರು. 19ನೇ ಶತಮಾನದಲ್ಲಿ, ಹೊಗೆ ಕವಿದ ಗ್ಲಾಸ್ಗೋದ ಗಲ್ಲಿಗಳಲ್ಲಿ ಸ್ಕಾಟಿಷ್ ಮಕ್ಕಳ ಕಾಲುಗಳೇ ಹೀಗೆ ಬಾಗಿದ್ದವು.

1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ನೇರಳಾತೀತ ದೀಪದ ಬೆಳಕಿನಿಂದ ಮಕ್ಕಳನ್ನ ಗುಣಪಡಿಸಿದ. ಆಮೇಲೆ ವಿಯೆನ್ನಾದಲ್ಲಿ ಹ್ಯಾರಿಯೆಟ್ ಚಿಕ್ ತಂಡ, ಬಿಸಿಲೂ ಕಾಡ್ ಮೀನಿನ ಎಣ್ಣೆಯೂ ಎರಡೂ ಕೆಲಸ ಮಾಡುತ್ತವೆ ಅಂತ ತೋರಿಸಿತು. ಎರಡರ ಹಿಂದೆಯೂ ಇದ್ದದ್ದು ವಿಟಮಿನ್ ಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ ಸರ್ಕಾರ ಮಾರ್ಗರಿನ್‌ಗೆ ಈ ವಿಟಮಿನ್ ಸೇರಿಸೋದನ್ನ ಕಡ್ಡಾಯ ಮಾಡಿತು, ಮಕ್ಕಳಿಗೆ ಮೀನೆಣ್ಣೆ ಹಂಚಿತು. ಜನ ದಿನಾ ತಿನ್ನೋ ಪದಾರ್ಥದೊಳಗೇ ಮದ್ದು ಹೋಯ್ತು.

ಈಗ 1962ಕ್ಕೆ ಬನ್ನಿ. ಅದೇ ಗ್ಲಾಸ್ಗೋ. ಪಾಕಿಸ್ತಾನದಿಂದ ಬಂದು ನೆಲೆಸಿದ ಕುಟುಂಬಗಳಲ್ಲಿ ರಿಕೆಟ್ಸ್ ಇದೆ ಅಂತ ವೈದ್ಯರು ವರದಿ ಮಾಡಿದರು. ನಿಧಾನಕ್ಕೆ ಕಾಯಿಲೆಯ ಹೆಸರು ‘ಏಷ್ಯನ್ ರಿಕೆಟ್ಸ್’ ಆಯ್ತು!

ಯಾಕೆ ಹೀಗಾಯ್ತು? ಗ್ಲಾಸ್ಗೋ ಇರೋದು ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದ ತಿಂಗಳುಗಳಲ್ಲಿ ಅಲ್ಲಿನ ಬಿಸಿಲಲ್ಲಿ ಬೇಕಾದಷ್ಟು ನೇರಳಾತೀತ ಕಿರಣ ಇರಲ್ಲ. ಚರ್ಮ ಕಪ್ಪಾದಷ್ಟೂ ಅಷ್ಟೇ ವಿಟಮಿನ್‌ಗೆ ಹೆಚ್ಚು ಹೊತ್ತು ಬಿಸಿಲು ಬೇಕು. ಜೊತೆಗೆ ಚಪಾತಿಯ ಇಡೀ ಗೋಧಿಯಲ್ಲಿರೋ ಫೈಟೇಟ್, ಕ್ಯಾಲ್ಸಿಯಂ ಮೈಗೆ ಹತ್ತೋದನ್ನ ತಡೆಯುತ್ತೆ. ಪಂಜಾಬಿನ ಬಿಸಿಲಲ್ಲಿ ಸರಿಹೋಗ್ತಿದ್ದ ಲೆಕ್ಕ ಇಲ್ಲಿ ತಪ್ಪಿತು.

ಹಾಗಾದ್ರೆ ಮಾರ್ಗರಿನ್ ಥರಾನೇ ಚಪಾತಿ ಹಿಟ್ಟಿಗೂ ವಿಟಮಿನ್ ಸೇರಿಸಬಹುದಿತ್ತಲ್ವಾ? ಆ ಸಲಹೆ ಬಂದಿತ್ತು, ಆದರೆ 1980ರಲ್ಲಿ ಸರ್ಕಾರದ ತಜ್ಞರ ವರದಿ ಅದನ್ನ ಒಪ್ಪಲಿಲ್ಲ. 1981ರ ‘ಸ್ಟಾಪ್ ರಿಕೆಟ್ಸ್’ ಅಭಿಯಾನ ಹೆಚ್ಚಾಗಿ ತಿಳಿವಳಿಕೆ ಹೇಳೋದರ ಮೇಲೆ ನಿಂತಿತು. ನಿಮ್ಮವರಿಗೆ ಮಾರ್ಗರಿನ್‌ನಲ್ಲೇ ಮದ್ದು, ನಮ್ಮವರಿಗೆ ಬುದ್ಧಿಮಾತಾ ಅಂತ ಅಲ್ಲಿನವರಿಗೆ ಅನ್ನಿಸಿದ್ರೆ ತಪ್ಪೇನು?

ಗ್ಲಾಸ್ಗೋ ಮಾತ್ರ ಬೇರೆ ದಾರಿ ಹಿಡಿದಿತ್ತು. 1979ರಿಂದ ಏಷ್ಯನ್ ಮೂಲದ ಮಕ್ಕಳಿಗೆ ವಿಟಮಿನ್ ಡಿ ಉಚಿತವಾಗಿ ಕೊಟ್ಟರು. ಕೆಲವೇ ವರ್ಷಗಳಲ್ಲಿ ಆಸ್ಪತ್ರೆಗೆ ಬರೋ ರಿಕೆಟ್ಸ್ ಕೇಸ್ ಎದ್ದು ಕಾಣೋ ಹಾಗೆ ಇಳಿಯಿತು. ನಾನು ಕಾಮರ್ಸ್ ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ: ಕೆಲವು ಹನಿ ಮದ್ದಿನ ಖರ್ಚು ಒಂದು ಕಡೆ, ಮಗುವಿನ ನೆಟ್ಟಗಿನ ಕಾಲು ಇನ್ನೊಂದು ಕಡೆ.

ಈಗ ಬ್ರಿಟನ್ನಿನಲ್ಲಿ 1ರಿಂದ 4 ವರ್ಷದ ಎಲ್ಲ ಮಕ್ಕಳಿಗೂ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಕೊಡಿ ಅಂತಾರೆ. ಅಲ್ಲಿರೋ ನಿಮ್ಮ ಅಕ್ಕನಿಗೋ ಗೆಳೆಯನಿಗೋ ಈ ಎಪಿಸೋಡ್ ಕಳಿಸಿ. ಡೋಸ್ ಎಷ್ಟು ಅನ್ನೋದನ್ನ ಡಾಕ್ಟರ್ ಹತ್ರಾನೇ ಕೇಳಲಿ. ಹೊರದೇಶದಿಂದ ಬಂದ ಮಕ್ಕಳಲ್ಲಿ ಕಾಯಿಲೆ ಕಂಡಾಗ, ಅವರ ಅಡುಗೆಮನೆಗೆ ಬೆರಳು ತೋರಿಸೋ ಮುಂಚೆ ಒಮ್ಮೆ ತಲೆಯೆತ್ತಿ ಅಲ್ಲಿನ ಆಕಾಶ ನೋಡೋಣ.